ಹನ್ನೊಂದು ಡ್ಯಾಶ್ ಎರಡು

ಸೋಮವಾರ ಬೆಳಿಗ್ಗೆ 9.40ಕ್ಕೆ ಫೋನ್ ಬಂತು. ಹಾವೇರಿ ಕಡೆಯ ಒಂದು ಶಾಖೆಯ ಗುಮಾಸ್ತರು. "ಸರ್, ಹನ್ನೊಂದು ಡ್ಯಾಶ್ ಎರಡು ಖಾತೆ ತೋರಸವಲ್ದರೀ. ಪಿಗ್ಮಿ ಏಜೆಂಟರು ಎದುರಿಗೇ ಕುಂತಾರ, ನಿನ್ನೆ ಸಂತಿ ರೊಕ್ಕ ಕಟ್ಟಬೇಕಂತ."

ನಂಬರ್ ಸರಿಯಾಗಿ ಹಾಕಿದ್ದೀರಾ ಅಂತ ಕೇಳಿದೆ. ಈ ಪ್ರಶ್ನೆ ಕೇಳಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಆ ಮನುಷ್ಯ ಹತ್ತಾರು ವರ್ಷದಿಂದ ಅದೇ ಖಾತೆಗೆ ದಿನಾ ದುಡ್ಡು ಜಮಾ ಮಾಡುತ್ತಿದ್ದಾರೆ. ನಂಬರ್ ತಪ್ಪು ಹಾಕುತ್ತಾರಾ?

ಅದರ ಹಿಂದಿನ ಶನಿವಾರ ರಾತ್ರಿಯಷ್ಟೇ ನಾವು ಡೇಟಾಬೇಸ್ ಸರ್ವರ್ ಅಪ್‌ಗ್ರೇಡ್ ಮುಗಿಸಿದ್ದೆವು. ನಮ್ಮದು ಪತ್ತಿನ ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ. ಡೇಟಾಬೇಸ್ ನೋಡಿಕೊಳ್ಳುವವನು ನಾನು, ಜೊತೆಗೆ ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿದ್ದ ಒಬ್ಬ ಹುಡುಗಿ. ಅಷ್ಟೇ ನಮ್ಮ ತಂಡ.

ಅಪ್‌ಗ್ರೇಡ್ ಯಾಕೆ ಬೇಕಿತ್ತು ಅಂದರೆ, ನಾವು ಓಡಿಸುತ್ತಿದ್ದದ್ದು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್‌ನ 11ನೇ ಆವೃತ್ತಿ. ಅದಕ್ಕೆ 2023ರ ನವೆಂಬರ್‌ನಲ್ಲೇ ಬೆಂಬಲ ನಿಂತಿತ್ತು. ಅದರ ಕೆಳಗಿದ್ದ ಆಪರೇಟಿಂಗ್ ಸಿಸ್ಟಮ್ ಸೆಂಟ್‌ಒಎಸ್ 7, ಲಿನಕ್ಸ್‌ನ ಒಂದು ಬಗೆ. ಅದರ ಆಯುಷ್ಯ 2024ರ ಜೂನ್ 30ಕ್ಕೆ ಮುಗಿಯುವುದಿತ್ತು. ಮಾರ್ಚ್ ಲೆಕ್ಕ ಮುಗಿಯುವ ತನಕ ಯಾರೂ ನಮ್ಮನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಏಪ್ರಿಲ್ ಪೂರ್ತಿ ಆಡಿಟ್ ಗಲಾಟೆ. ಕೊನೆಗೆ ಜೂನ್ ಎರಡನೇ ಶನಿವಾರ ಅಂತ ನಿಗದಿಯಾಯಿತು. ಹೇಗಿದ್ದರೂ ಕೈ ಹಾಕುತ್ತಿದ್ದೇವೆ, ಎರಡನ್ನೂ ಒಟ್ಟಿಗೇ ಮುಗಿಸಿಬಿಡೋಣ ಅಂದುಕೊಂಡೆವು. ಪೋಸ್ಟ್‌ಗ್ರೆಸ್ 15, ಕೆಳಗೆ ರಾಕಿ ಲಿನಕ್ಸ್ 8, ಹೊಸ ಯಂತ್ರ.

ತಯಾರಿ ಸುಮಾರಾಗಿ ಮಾಡಿದ್ದೆವು ಅಂತ ಯಾರೂ ಹೇಳುವಂತಿರಲಿಲ್ಲ. ಡೇಟಾವನ್ನೆಲ್ಲ ಫೈಲಿಗೆ ಇಳಿಸಿ (ಪಿಜಿ ಡಂಪ್), ಹೊಸ ಯಂತ್ರದಲ್ಲಿ ಮತ್ತೆ ತುಂಬಿ (ರಿಸ್ಟೋರ್), ಆ್ಯಪ್ ಓಡಿಸಿ, ಮೂರು ಸಲ ತಾಲೀಮು ನಡೆಸಿದ್ದೆವು. ಅದರಲ್ಲಿ ಸಿಕ್ಕ ಹುಳಗಳು ಒಂದೆರಡಲ್ಲ. ನಮ್ಮ ಬ್ಯಾಕಪ್ ಸ್ಕ್ರಿಪ್ಟ್ 'ಪಿಜಿ ಸ್ಟಾರ್ಟ್ ಬ್ಯಾಕಪ್' ಅನ್ನುವ ಫಂಕ್ಷನ್ ಕರೆಯುತ್ತಿತ್ತು. 15ರಲ್ಲಿ ಆ ಹೆಸರೇ ಇಲ್ಲ, 'ಪಿಜಿ ಬ್ಯಾಕಪ್ ಸ್ಟಾರ್ಟ್' ಅಂತ ತಿರುಗಿಸಿದ್ದಾರೆ. ಸ್ಕ್ರಿಪ್ಟ್ ಫೇಲ್ ಆಗಿಯೂ "ಬ್ಯಾಕಪ್ ಮುಗಿಯಿತು" ಅಂತ ಮೇಲ್ ಕಳಿಸಿತ್ತು. ಬರೆದವನು ನಾನೇ, ಬೇರೆ ಯಾರನ್ನೂ ಬೈಯುವ ಹಾಗಿಲ್ಲ. ಇನ್ನೊಂದು ಕಡೆ ರಿಪೋರ್ಟ್ ತೆಗೆಯುವ ಹಳೆಯ ಜಾವಾ ಪ್ರೋಗ್ರಾಂ "ಅಥೆಂಟಿಕೇಶನ್ ಟೈಪ್ 10 ಸಪೋರ್ಟ್ ಇಲ್ಲ" ಅಂತ ಕೂತುಬಿಟ್ಟಿತು. ಪೋಸ್ಟ್‌ಗ್ರೆಸ್ 14ರಿಂದ ಹೊಸ ಪಾಸ್‌ವರ್ಡ್‌ಗಳು ಸ್ಕ್ರ್ಯಾಮ್ ರೂಪದಲ್ಲಿ ಸೇವ್ ಆಗುತ್ತವೆ, ಹಳೆಯ ಡ್ರೈವರ್‌ಗೆ ಆ ಭಾಷೆ ಬರುವುದಿಲ್ಲ. ಡ್ರೈವರ್ ಬದಲಾಯಿಸಿದೆವು, ಸರಿಹೋಯಿತು.

ತೊಂದರೆ ಶುರುವಾಗಿದ್ದು ಗಡಿಯಾರದಿಂದ. ನಮ್ಮ ಡೇಟಾ 400 ಜಿಬಿ ಹತ್ತಿರ. ಡಂಪ್ ಮಾಡಿ ರಿಸ್ಟೋರ್ ಮಾಡಲು ಐದೂವರೆ ಗಂಟೆ ಹಿಡಿಯುತ್ತಿತ್ತು. ಸಂಘಗಳ ಜೊತೆ ಆಗಿದ್ದ ಕರಾರಿನಲ್ಲಿ ಡೌನ್‌ಟೈಮ್ ಇದ್ದದ್ದು ನಾಲ್ಕೇ ಗಂಟೆ, ರಾತ್ರಿ 11ರಿಂದ 3. ಇನ್ನೊಂದೆರಡು ಗಂಟೆ ಕೇಳಿ ನೋಡಿ ಅಂತ ಮ್ಯಾನೇಜರ್‌ಗೆ ಹೇಳಿದೆ. ಅವರು ಕೇಳಿದರೋ ಇಲ್ಲವೋ, "ಆಗಲ್ಲ" ಅಂತ ಉತ್ತರ ಬಂತು.

ಎರಡು ವಾರ ಬಾಕಿ ಇದ್ದಾಗ ದಾರಿ ಬದಲಿಸಿದೆವು. ಹೊಸ ಯಂತ್ರದಲ್ಲಿ ಮೊದಲು ಪೋಸ್ಟ್‌ಗ್ರೆಸ್ 11 ಅನ್ನೇ ಹಾಕಿ, ಹಳೆಯದರ ರೆಪ್ಲಿಕಾ, ಅಂದರೆ ಅಲ್ಲಿನ ಬದಲಾವಣೆಗಳನ್ನು ಆಗಿಂದಾಗಲೇ ನಕಲು ಮಾಡಿಕೊಳ್ಳುವ ಪ್ರತಿ, ಮಾಡಿಟ್ಟುಕೊಳ್ಳುವುದು. ಶನಿವಾರ ರಾತ್ರಿ ಆ್ಯಪ್ ನಿಲ್ಲಿಸಿ, ರೆಪ್ಲಿಕಾವನ್ನೇ ಮುಖ್ಯ ಸರ್ವರ್ ಮಾಡಿ, ಅಲ್ಲೇ 'ಪಿಜಿ ಅಪ್‌ಗ್ರೇಡ್' ಅನ್ನು ಲಿಂಕ್ ಮೋಡ್‌ನಲ್ಲಿ ಓಡಿಸಿ 15ಕ್ಕೆ ಏರಿಸುವುದು. ಲಿಂಕ್ ಮೋಡ್‌ನಲ್ಲಿ ಡೇಟಾ ಫೈಲ್‌ಗಳ ನಕಲು ನಡೆಯುವುದಿಲ್ಲ, ಹಾರ್ಡ್ ಲಿಂಕ್ ಆಗುತ್ತದೆ, ಅಂದರೆ ಅದೇ ಫೈಲಿಗೆ ಇನ್ನೊಂದು ಹೆಸರು ಅಷ್ಟೇ. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯುತ್ತದೆ. ಹೊಸದನ್ನು ಒಮ್ಮೆ ಚಾಲೂ ಮಾಡಿದರೆ ಅದೇ ಯಂತ್ರದ ಹಳೆಯ 11 ಮತ್ತೆ ಕೆಲಸಕ್ಕೆ ಬರುವುದಿಲ್ಲ, ನಿಜ. ಆದರೆ ಸೆಂಟ್‌ಒಎಸ್ ಯಂತ್ರ ಪಕ್ಕದಲ್ಲೇ ನಿಂತಿರುತ್ತದಲ್ಲ, ಹಿಂದಕ್ಕೆ ಬರಬೇಕಾದರೆ ಅದಿದೆ ಅಂತ ಧೈರ್ಯ.

ಇದನ್ನೂ ತಾಲೀಮು ಮಾಡಿದೆವು. ಎಲ್ಲಿ? ನಮ್ಮ ಟೆಸ್ಟ್ ಯಂತ್ರದಲ್ಲಿ. ಅದರಲ್ಲಿದ್ದದ್ದು ಸೆಂಟ್‌ಒಎಸ್ 7. ಹೊಸ ರಾಕಿ ಯಂತ್ರ ಆ ಹೊತ್ತಿಗೆ ರೆಪ್ಲಿಕಾ ಆಗಿ ಕೂತಿತ್ತು, ಅದನ್ನು ಕೆಡಿಸಿ ಮತ್ತೆ ಕಟ್ಟಲು ಒಂದು ದಿನ ಹೋಗುತ್ತದೆ ಅಂತ ಮುಟ್ಟಲಿಲ್ಲ. ಟೆಸ್ಟ್ ಯಂತ್ರದಲ್ಲಿ ಎಲ್ಲ ಸಲೀಸಾಗಿ ಆಯಿತು. 'ಚೆಕ್' ಹಾಕಿ ಓಡಿಸಿದಾಗ ಒಐಡಿ (ಪ್ರತಿ ಸಾಲಿಗೂ ಪೋಸ್ಟ್‌ಗ್ರೆಸ್ ಕೊಡುತ್ತಿದ್ದ ಒಳ ನಂಬರ್) ಇದ್ದ ಎರಡು ಪುರಾತನ ಟೇಬಲ್‌ಗಳನ್ನು ಹಿಡಿದುಕೊಟ್ಟಿತು. 12ರಿಂದ ಅಂಥ ಟೇಬಲ್‌ಗೆ ಅವಕಾಶವಿಲ್ಲ. ತೆಗೆದುಹಾಕಿದೆವು. ಒಟ್ಟು ಹದಿನೈದು ನಿಮಿಷದ ಕೆಲಸ.

ಅಂದರೆ ಹೊಸ ಲಿನಕ್ಸ್ ಮೇಲೆ ಹಳೆಯ ವಿಧಾನವನ್ನು ಪರೀಕ್ಷೆ ಮಾಡಿದ್ದೆವು. ಹಳೆಯ ಲಿನಕ್ಸ್ ಮೇಲೆ ಹೊಸ ವಿಧಾನವನ್ನು ಪರೀಕ್ಷೆ ಮಾಡಿದ್ದೆವು. ಹೊಸ ಲಿನಕ್ಸ್ ಮೇಲೆ ಹೊಸ ವಿಧಾನ ಮೊದಲ ಸಲ ನಡೆದದ್ದು ಆ ಶನಿವಾರ ರಾತ್ರಿಯೇ. ಈಗ ಬರೆಯುವಾಗ ಇದು ಎಷ್ಟು ಢಾಳಾಗಿ ಕಾಣುತ್ತದೆ! ಆಗ ನಮ್ಮಿಬ್ಬರಿಗೂ ಕಾಣಲಿಲ್ಲ. ಪಟ್ಟಿಯಲ್ಲಿ ಎರಡರ ಮುಂದೆಯೂ ಟಿಕ್ ಬಿದ್ದಿತ್ತು.

ಶನಿವಾರ ರಾತ್ರಿಯ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. 11ಕ್ಕೆ ಶುರು, 12.20ಕ್ಕೆ ಪೋಸ್ಟ್‌ಗ್ರೆಸ್ 15 ಎದ್ದು ನಿಂತಿತು. ಅಂಕಿಅಂಶ, ಅಂದರೆ ಯಾವ ಟೇಬಲ್‌ನಲ್ಲಿ ಏನೆಷ್ಟಿದೆ ಅಂತ ಪೋಸ್ಟ್‌ಗ್ರೆಸ್ ಇಟ್ಟುಕೊಳ್ಳುವ ಅಂದಾಜು, ಪಿಜಿ ಅಪ್‌ಗ್ರೇಡ್ ಜೊತೆ ಬರುವುದಿಲ್ಲ ಅನ್ನುವುದು ಹಿಂದೊಮ್ಮೆ ಪೆಟ್ಟು ತಿಂದು ಕಲಿತ ಪಾಠ. ಅದಕ್ಕೇ ಆ್ಯಪ್ ಬಿಡುವ ಮೊದಲು 'ವ್ಯಾಕ್ಯೂಮ್ ಡಿಬಿ'ಯಿಂದ ಹಂತಹಂತವಾಗಿ ಅನಲೈಜ್ ಓಡಿಸಿ ಆ ಅಂದಾಜು ಮತ್ತೆ ಮಾಡಿಸಿದೆವು. ಅದನ್ನು ಮರೆತರೆ ನಿನ್ನೆ ತನಕ ಕಣ್ಣು ಮಿಟುಕಿಸುವುದರಲ್ಲಿ ಬರುತ್ತಿದ್ದ ರಿಪೋರ್ಟ್ ಇವತ್ತು ಕಾಫಿ ಕುಡಿದು ಬಂದರೂ ಬಂದಿರುವುದಿಲ್ಲ. ಪೋಸ್ಟ್‌ಗ್ರೆಸ್ 18ರಲ್ಲಿ ಇದನ್ನು ಬಹುಮಟ್ಟಿಗೆ ಸರಿಪಡಿಸಿದ್ದಾರೆ, ನಮ್ಮ ಕಾಲಕ್ಕೆ ಇರಲಿಲ್ಲ. ಆಮೇಲೆ ಎಲ್ಲ ಟೇಬಲ್‌ಗಳ ಸಾಲು ಎಣಿಸಿ ಹಳೆಯದರ ಜೊತೆ ತಾಳೆ ನೋಡಿದೆವು. ಒಂದು ಸಾಲೂ ಹೆಚ್ಚುಕಮ್ಮಿ ಇಲ್ಲ. 1.30ಕ್ಕೆ ಆ್ಯಪ್ ಬಿಟ್ಟು ಮನೆಗೆ ಹೋದೆವು.

ಸೋಮವಾರಕ್ಕೆ ಬರೋಣ. ಗುಮಾಸ್ತರ ಫೋನ್ ಇಟ್ಟು ನಾನೇ ಹುಡುಕಿದೆ. 11-2, ಸೊನ್ನೆ ಸಾಲು. ಅಕ್ಕಪಕ್ಕದ ಖಾತೆಗಳು ಸಿಗುತ್ತಿವೆ, ಇದೊಂದು ಇಲ್ಲ. ಶನಿವಾರ ಎಣಿಸಿದಾಗ ಲೆಕ್ಕ ಸರಿ ಇತ್ತಲ್ಲ? ಯಾರೋ ಡಿಲೀಟ್ ಮಾಡಿದರಾ? ಲಾಗ್ ತೆಗೆಯಲು ಹೊರಟಿದ್ದೆ. ಪಕ್ಕದಲ್ಲಿದ್ದ ಹುಡುಗಿ, "ಸರ್, ಒಂದ್ನಿಮಿಷ" ಅಂತ ನನ್ನ ಕೀಬೋರ್ಡ್ ಎಳೆದುಕೊಂಡು ಇಂಡೆಕ್ಸ್ ಸ್ಕ್ಯಾನ್‌ಗಳನ್ನೆಲ್ಲ, ಅಂದರೆ ಸೂಚಿ ನೋಡಿ ಹುಡುಕುವುದನ್ನು, ಆಫ್ ಮಾಡಿ ಅದೇ ಪ್ರಶ್ನೆಯನ್ನು ಮತ್ತೆ ಓಡಿಸಿದಳು. ಖಾತೆ ಬಂತು. ಹೆಸರು, ಬಾಕಿ, ಎಲ್ಲ ಸಮೇತ.

ಡೇಟಾ ಎಲ್ಲೂ ಹೋಗಿರಲಿಲ್ಲ. ಇಂಡೆಕ್ಸ್ ಸುಳ್ಳು ಹೇಳುತ್ತಿತ್ತು.

ಆಮೇಲೆ ಅವಳು ಎರಡೂ ಯಂತ್ರದಲ್ಲಿ ಒಂದು ಚಿಕ್ಕ ಪರೀಕ್ಷೆ ಮಾಡಿದಳು. 1-1 ಮತ್ತು 11 ಅನ್ನುವ ಎರಡು ಸಾಲು ಬರೆದು, ಅಮೆರಿಕನ್ ಇಂಗ್ಲಿಷ್ ಲೊಕೇಲ್ (ಭಾಷೆಯ ಸೆಟ್ಟಿಂಗ್) ಇಟ್ಟು, ಲಿನಕ್ಸ್‌ನ ಸಾರ್ಟ್ ಕಮಾಂಡ್‌ಗೆ ಕೊಟ್ಟಳು. ಹಳೆಯ ಯಂತ್ರ ಹೇಳಿತು: 11, ಆಮೇಲೆ 1-1. ಹೊಸದು ಹೇಳಿತು: 1-1, ಆಮೇಲೆ 11.

ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ಪರದೆ ನೋಡುತ್ತಾ ಕೂತೆವು.

ವಿಷಯ ಏನಪ್ಪಾ ಅಂದರೆ, ಪಠ್ಯದಲ್ಲಿ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದನ್ನು ನಮ್ಮಂಥ ಸೆಟಪ್‌ನಲ್ಲಿ ಪೋಸ್ಟ್‌ಗ್ರೆಸ್ ತಾನೇ ತೀರ್ಮಾನ ಮಾಡುವುದಿಲ್ಲ. ಕೆಳಗಿನ ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿಯನ್ನು ಕೇಳುತ್ತದೆ. 2018ರ ಆಗಸ್ಟ್‌ನಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಆ ಕ್ರಮವನ್ನು ದೊಡ್ಡದಾಗಿ ಬದಲಿಸಿದರು. ಸೆಂಟ್‌ಒಎಸ್ 7ರಲ್ಲಿ ಇದ್ದದ್ದು 2.17. ರಾಕಿ 8ರಲ್ಲಿ ಇರುವುದು 2.28. ಹಳೆಯದು ಮೊದಲ ಸುತ್ತಿನಲ್ಲಿ ಡ್ಯಾಶ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದಕ್ಕೆ 11-2 ಅಂದರೆ 112, 1-2 ಅಂದರೆ 12. ಹಾಗಾಗಿ 11-2 ಮೊದಲು, 1-2 ಆಮೇಲೆ. ಹೊಸದು ಡ್ಯಾಶ್ ಅನ್ನೂ ಒಂದು ಅಕ್ಷರ ಅಂತ ನೋಡುತ್ತದೆ, ಅದೂ ಅಂಕಿಗಳಿಗಿಂತ ಮೊದಲು ಬರುವ ಅಕ್ಷರ. ಹಾಗಾಗಿ 1-2 ಮೊದಲು, 11-2 ಆಮೇಲೆ.

ಇದು ಇಂಡೆಕ್ಸನ್ನು ಹೇಗೆ ಕೆಡಿಸುತ್ತದೆ? ನಿಘಂಟು ನೆನಪಿಸಿಕೊಳ್ಳಿ. ವರ್ಣಮಾಲೆಯಲ್ಲಿ 'ಅಂ' ಬರುವುದು 'ಔ' ಆದ ಮೇಲೆ. ಅದನ್ನೇ ನಂಬಿ ನೀವು 'ಅಂಗಡಿ'ಯನ್ನು 'ಔಷಧಿ' ದಾಟಿ ಹುಡುಕಲು ಹೋಗುತ್ತೀರಿ. ನಿಘಂಟು ಮಾಡಿದವರು ಅದನ್ನು 'ಅ' ಶುರುವಾಗುವಲ್ಲೇ ಇಟ್ಟಿದ್ದರೆ? ಪುಟ ಅಲ್ಲೇ ಇದೆ, ಹರಿದಿಲ್ಲ, ಆದರೆ ನಿಮಗೆ ಸಿಗುವುದಿಲ್ಲ. ಬಿ-ಟ್ರೀ ಇಂಡೆಕ್ಸ್ ಹುಡುಕುವುದೂ ಹೀಗೇ. ಪ್ರತಿ ತಿರುವಿನಲ್ಲಿ ಎಡಕ್ಕಾ ಬಲಕ್ಕಾ ಅಂತ ಕೇಳುತ್ತಾ ಹೋಗುತ್ತದೆ. ಕಟ್ಟಿದ್ದು ಹಳೆಯ ಕ್ರಮದಲ್ಲಿ, ದಾರಿ ಕೇಳಿದ್ದು ಹೊಸ ಕ್ರಮದಲ್ಲಿ. ಒಂದು ತಿರುವು ತಪ್ಪಿದರೆ ಮುಗಿಯಿತು.

ನಮ್ಮ ಮೂರು ತಾಲೀಮಿನಲ್ಲಿ ಇದು ಯಾಕೆ ಬರಲಿಲ್ಲ ಅನ್ನುವುದು ಈಗ ನಿಮಗೂ ಗೊತ್ತಾಗಿರಬೇಕು. ಡಂಪ್ ಮಾಡಿ ರಿಸ್ಟೋರ್ ಮಾಡಿದರೆ ಇಂಡೆಕ್ಸ್‌ಗಳು ಹೊಸ ಯಂತ್ರದಲ್ಲಿ ಹೊಸದಾಗಿ ಕಟ್ಟಲ್ಪಡುತ್ತವೆ. ರೆಪ್ಲಿಕಾ ಮತ್ತು ಲಿಂಕ್ ಮೋಡ್‌ನಲ್ಲಿ ಹಳೆಯ ಇಂಡೆಕ್ಸ್ ಫೈಲೇ ಹಾಗೇ ಬರುತ್ತದೆ. ಇನ್ನು ಸೆಂಟ್‌ಒಎಸ್ ಟೆಸ್ಟ್ ಯಂತ್ರದಲ್ಲಿ ಕ್ರಮವೇ ಬದಲಾಗಿರಲಿಲ್ಲ. ಸಾಲು ಎಣಿಸಿದ್ದೂ ಸುಳ್ಳು ಸಮಾಧಾನ. ಎಣಿಸಲು ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಬೇಕಿಲ್ಲವಲ್ಲ. ಪೋಸ್ಟ್‌ಗ್ರೆಸ್ 15 ತನ್ನ ಡೇಟಾಬೇಸ್‌ನ ಕೊಲೇಶನ್ (ಪಠ್ಯ ಜೋಡಿಸುವ ಕ್ರಮ) ಆವೃತ್ತಿ ಬರೆದಿಟ್ಟುಕೊಂಡು, ಬದಲಾದರೆ ಎಚ್ಚರಿಸುತ್ತದೆ. ಆದರೆ ನಮ್ಮ 15 ಹುಟ್ಟಿದ್ದೇ ರಾಕಿ ಮೇಲೆ. ಅದರ ಪುಸ್ತಕದಲ್ಲಿ ಮೊದಲಿನಿಂದಲೂ 2.28. ಎಚ್ಚರಿಸಲು ಏನಿದೆ?

ಗೊತ್ತಾಗುವ ಹೊತ್ತಿಗೆ 11 ಗಂಟೆ. ಅಷ್ಟರಲ್ಲಿ ಇನ್ನೂ ಎರಡು ಶಾಖೆಯಿಂದ ಫೋನ್ ಬಂದಿತ್ತು. ಹಳೆಯ ಯಂತ್ರ ಪಕ್ಕದಲ್ಲೇ ಇತ್ತು, ನಿಜ. ಆದರೆ ಭಾನುವಾರದಿಂದ ಹೊಸದರಲ್ಲಿ ವಹಿವಾಟು ನಡೆದಿತ್ತು. ಹಿಂದಕ್ಕೆ ಹೋದರೆ ಅದನ್ನೆಲ್ಲ ಯಾರು ಕೈಯಲ್ಲಿ ಬರೆಯುತ್ತಾರೆ? ಆ ಧೈರ್ಯಕ್ಕೆ ಇದ್ದ ಆಯುಷ್ಯ ಮೊದಲ ರಸೀದಿ ಹರಿಯುವ ತನಕ ಮಾತ್ರ. ಇದನ್ನೂ ನಾವು ಪ್ಲಾನ್‌ನಲ್ಲಿ ಬರೆದಿರಲಿಲ್ಲ.

ಆ್ಯಪ್ ನಿಲ್ಲಿಸಿ ಅಂತ ಮ್ಯಾನೇಜರ್‌ಗೆ ಹೇಳಿದೆ. ಸೋಮವಾರ ಹಗಲು, ಎಲ್ಲ ಶಾಖೆ ತೆರೆದಿರುವಾಗ. ಅವರ ಮುಖ ನೋಡುವ ಹಾಗಿರಲಿಲ್ಲ. ಒಂದು ಖಾತೆ ಸಿಗದಿರುವುದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಖಾತೆ ಸಿಗಲಿಲ್ಲ ಅಂತ ಯಾರಾದರೂ ಅದೇ ನಂಬರಿಗೆ ಹೊಸದು ತೆರೆದಿದ್ದರೆ? ಒಂದೇ ನಂಬರ್ ಎರಡು ಸಲ ಬರಬಾರದು ಅಂತ ಕಾಯುವುದೂ ಇದೇ ಇಂಡೆಕ್ಸ್ ತಾನೆ. ಹಳೆಯದನ್ನು ಅದು ನೋಡದಿದ್ದರೆ ಹೊಸದನ್ನು ಒಳಗೆ ಬಿಟ್ಟುಬಿಡುತ್ತದೆ.

ಬಿಟ್ಟಿತ್ತು. ಇಂಡೆಕ್ಸ್ ಸರಿ ಇದೆಯಾ ಅಂತ ನೋಡುವ 'ಪಿಜಿ ಆಮ್‌ಚೆಕ್' ಓಡಿಸಿದಾಗ ಪಠ್ಯದ ಮೇಲಿನ ಹನ್ನೆರಡು ಇಂಡೆಕ್ಸ್‌ಗಳಲ್ಲಿ ಕ್ರಮ ತಪ್ಪಿದೆ ಅಂತ ಬಂತು. ಖಾತೆ ನಂಬರಿನದ್ದನ್ನು ರೀಇಂಡೆಕ್ಸ್ ಮಾಡಲು, ಅಂದರೆ ಹೊಸದಾಗಿ ಕಟ್ಟಲು ಹೋದರೆ, ನಕಲಿ ಇದೆ, ಕಟ್ಟಲಾರೆ ಅಂತ ನಿಂತಿತು. ಇಂಡೆಕ್ಸ್ ಬಳಸದೆ ಹುಡುಕಿದಾಗ ಜೋಡಿ ಇದ್ದ ಖಾತೆಗಳು ಮೂರು ಸಿಕ್ಕವು. ಮೂರರಲ್ಲೂ ಅವತ್ತು ಬೆಳಿಗ್ಗೆ ದುಡ್ಡು ಬಿದ್ದಿತ್ತು. ಒಂದರಲ್ಲಿ ಎರಡು ಸಲ, ಬೇರೆ ಬೇರೆ ಮೊತ್ತ.

ಅದನ್ನು ಬಿಡಿಸಿದ್ದು ನಾವಲ್ಲ. ಫೋನ್ ಮಾಡಿದ್ದ ಗುಮಾಸ್ತರೇ ಏಜೆಂಟರನ್ನು ಕೂರಿಸಿಕೊಂಡು ಅವರ ಜೇಬಿನ ಪುಸ್ತಕ ತೆರೆಸಿದರು. "ಹನ್ನೊಂದು ಡ್ಯಾಶ್ ಎರಡು, ಸಂತಿ ದಿನ ಇನ್ನೂರು. ಬರಕೋರಿ ಸರ್." ಪೆನ್ಸಿಲಲ್ಲಿ ಬರೆದದ್ದು, ದಿನಾಂಕ ಸಮೇತ. ಆ ಪುಸ್ತಕದ ಮೇಲೆ ನಂಬಿಕೆ ಇಟ್ಟು ಮೂರೂ ಜೋಡಿಗಳನ್ನು ಒಂದು ಮಾಡಿದೆವು. ಆಮೇಲೆ ಇಡೀ ಡೇಟಾಬೇಸ್‌ಗೆ ರೀಇಂಡೆಕ್ಸ್. ಮಧ್ಯಾಹ್ನ 2.15ಕ್ಕೆ ಆ್ಯಪ್ ಮತ್ತೆ ಬಿಟ್ಟೆವು. ಡೌನ್‌ಟೈಮ್ ಉಳಿಸಲು ಹೋಗಿ ಹಾಡುಹಗಲಲ್ಲಿ ಮೂರು ಗಂಟೆ ಕಳೆದುಕೊಂಡೆವು.

ಆ ವಾರದಲ್ಲೇ ಖಾತೆ ನಂಬರ್, ರಸೀದಿ ನಂಬರ್‌ನಂಥ ಕಾಲಂಗಳನ್ನೆಲ್ಲ 'ಸಿ' ಕೊಲೇಶನ್‌ಗೆ ಬದಲಿಸಿದೆವು. ಅದು ಬರೀ ಬೈಟ್‌ಗಳನ್ನು ಹೋಲಿಸುತ್ತದೆ, ಯಾವ ಲೈಬ್ರರಿಯನ್ನೂ ಕೇಳುವುದಿಲ್ಲ. ಸದಸ್ಯರ ಹೆಸರುಗಳಿಗೆ ಮಾತ್ರ ಹಳೆಯದನ್ನೇ ಬಿಟ್ಟಿದ್ದೇವೆ.

ಪೋಸ್ಟ್‌ಗ್ರೆಸ್ 15ಕ್ಕೆ 2027ರ ನವೆಂಬರ್ ತನಕ ಬೆಂಬಲ ಇದೆ. ಮುಂದಿನ ಅಪ್‌ಗ್ರೇಡಿನ ಪ್ಲಾನ್ ಬರೆಯುತ್ತಿರುವುದು ಈ ಸಲ ಅವಳು. ಮೊನ್ನೆ ಕರಡು ತೋರಿಸಿದಳು. ತಾಲೀಮಿಗೆ ಪ್ರತ್ಯೇಕ ಯಂತ್ರ, ಅದೇ ಲಿನಕ್ಸ್, ಅದೇ ವಿಧಾನ, ಮೊದಲಿಂದ ಕೊನೆ ತನಕ ಎರಡು ಸಲ. ಖರ್ಚಿನ ಕಾಲಂನಲ್ಲಿ ಆ ಯಂತ್ರದ ಬಾಡಿಗೆ. ಮ್ಯಾನೇಜರ್ ಅದರ ಮೇಲೆ ಬೆರಳಿಟ್ಟು, "ಇದು ಬೇಕೇ ಬೇಕಾ?" ಅಂದರು. ಅವಳು ಏನೂ ಹೇಳಲಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ 1-1, 11 ಅಂತ ಟೈಪ್ ಮಾಡಿದಳು. ಅವರು ಸಹಿ ಹಾಕಿದರು.