ಕಳೆಯದೆ ಉಳಿದ ಒಂದು ಸಾವಿರ

ಬದಿಯಡ್ಕದ ಸಮೀಪದಲ್ಲಿರುವ ಸೋದರಮಾವನ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ತಗುಲಿದಾಗ, ಅದು ಎಷ್ಟು ಹಬ್ಬಿದೆಯೆಂದು ಉಪಗ್ರಹ ಚಿತ್ರಗಳಲ್ಲಿ ನೋಡಿ ಹೇಳುತ್ತೇನೆಂದು ನಾನಾಗಿಯೇ ಒಪ್ಪಿಕೊಂಡಿದ್ದೆ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಕೆಂಪು ಮತ್ತು ಅವಕೆಂಪು (ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕಿನ) ಬ್ಯಾಂಡುಗಳಲ್ಲಿ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ 10 ಮೀಟರ್ ಉದ್ದಗಲದ ಚೌಕ. ಕಾಸರಗೋಡಿನ ಮಳೆಗಾಲದಲ್ಲಿ ಮೋಡವಲ್ಲದೆ ಬೇರೇನೂ ಕಾಣುವುದಿಲ್ಲವಾದ್ದರಿಂದ 2020ರ ಮತ್ತು 2023ರ ಫೆಬ್ರವರಿಯ ತಲಾ ಒಂದು ಚಿತ್ರವನ್ನು ಇಳಿಸಿಕೊಂಡು, ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಎರಡಕ್ಕೂ ಎನ್‌ಡಿವಿಐ ಲೆಕ್ಕ ಹಾಕಿದೆ. ಅವಕೆಂಪಿನಿಂದ ಕೆಂಪನ್ನು ಕಳೆದು, ಬಂದದ್ದನ್ನು ಅವೆರಡರ ಮೊತ್ತದಿಂದ ಭಾಗಿಸುವ, ಹಸಿರಿನ ಸೊಂಪನ್ನು ಅಳೆಯುವ ಸರಳ ಸೂತ್ರವದು.

ತೋಟದ ನಡುವಿನ ಪಿಕ್ಸೆಲಿನಲ್ಲಿ 0.80 ಇದ್ದದ್ದು 0.52ಕ್ಕೆ ಇಳಿದಿತ್ತು. ಗಾಬರಿಯಿಂದಲೇ ನಕ್ಷೆಯನ್ನು ಮುದ್ರಿಸಿ ಒಯ್ದೆ. ಮಾವ ಕನ್ನಡಕ ಏರಿಸಿ, ತೋಟವನ್ನು ಬಿಟ್ಟು ಅದರ ಮೇಲ್ಗಡೆಯ ಮುರಕಲ್ಲಿನ ಪಾರೆಯ ಮೇಲೆ ಬೆರಳಿಟ್ಟರು. ಅಲ್ಲಿಯೂ ಬಣ್ಣ ಕೆಂಪಿಗೆ ತಿರುಗಿತ್ತು.

"ಪಾರೆಗೂ ಎಲೆಚುಕ್ಕಿ ಬಂದದ್ದಾ ಮಾರಾಯ?"

ನನ್ನಲ್ಲಿ ಉತ್ತರವಿರಲಿಲ್ಲ. ಹುಲ್ಲೂ ಒಣಗಿಹೋದ ಬರಿಯ ಕಲ್ಲಿನ ಮೇಲೆ ಸೊಂಪು ಕಡಿಮೆಯಾಗಲು ಅಲ್ಲಿ ಮೊದಲು ಸೊಂಪಾದರೂ ಇರಬೇಕಲ್ಲ.

ರಾತ್ರಿ ಮನೆಗೆ ಬಂದು ತೋಟವನ್ನೂ ಪಾರೆಯನ್ನೂ ಬದಿಗಿಟ್ಟು, ಬೇಕಲ ಕೋಟೆಯಿಂದ ಪಡುವಣಕ್ಕೆ ಸಾಕಷ್ಟು ದೂರದ ಕಡಲನ್ನು ನೋಡಿದೆ. ಆಳದ ನೀರು ಅವಕೆಂಪು ಬೆಳಕನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹೀರಿಕೊಳ್ಳುವುದರಿಂದ, ಲೆಕ್ಕ ಹಾಕುವ ಮೊದಲು ಚಿತ್ರದಲ್ಲೇ ಇರುವ ಅವಕೆಂಪಿನ ಅಂಕಿ ಅಲ್ಲಿ ಸೊನ್ನೆಯ ಆಸುಪಾಸಿನಲ್ಲಿರಬೇಕು. ಹಳೆಯ ಚಿತ್ರದಲ್ಲಿ ಹಾಗೆಯೇ ಇತ್ತು. ಹೊಸದರಲ್ಲಿ ಮಾತ್ರ ಎಲ್ಲಿ ಒತ್ತಿದರೂ ಸಾವಿರಕ್ಕಿಂತ ತುಸು ಮೇಲೆ. ಆಗ ಚಿತ್ರದ ಜೊತೆಗೆ ಬರುವ ಮೆಟಾಡೇಟಾ ಕಡತವನ್ನು, ಮೊದಲೇ ಮಾಡಬೇಕಾಗಿದ್ದಂತೆ, ತೆರೆದು ಓದಿದೆ. ಪ್ರತಿ ಬ್ಯಾಂಡಿನ ಎದುರಿಗೂ -1000 ಎಂದು ಬರೆದಿತ್ತು.

2022ರ ಜನವರಿ 25ರಿಂದ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯು ಸೆಂಟಿನೆಲ್-2ರ ಅಂಕಿಗಳಿಗೆ ಸಾವಿರವನ್ನು ಕೂಡಿಸಿ ಕೊಡುತ್ತಿದೆ. ತೀರ ಕತ್ತಲೆಯ ಜಾಗಗಳಲ್ಲಿ ತಿದ್ದುಪಡಿಯ ಬಳಿಕ ಬೆಲೆ ಸೊನ್ನೆಗಿಂತ ಕೆಳಗಿಳಿದರೆ ಅದು ಕತ್ತರಿಸಿ ಹೋಗದಿರಲೆಂಬುದು ಇದರ ಉದ್ದೇಶ. ಬಳಸುವವರು ಆ ಸಾವಿರವನ್ನು ಕಳೆದು, ಅನಂತರ 10000ದಿಂದ ಭಾಗಿಸಿದರೆ ನಿಜವಾದ ಪ್ರತಿಫಲನ ಸಿಗುತ್ತದೆ. ಎನ್‌ಡಿವಿಐ ಬರಿಯ ಅನುಪಾತ, ಅದಕ್ಕೆ ಈ ಶುದ್ಧಿಯೆಲ್ಲ ಏಕೆ ಎಂಬ ಸೋಮಾರಿತನ ನನ್ನದಾಗಿತ್ತು. ಭಾಗಾಕಾರದ ಮಟ್ಟಿಗೆ ಆ ನಂಬಿಕೆ ಸರಿಯೇ, ಮೇಲೆ ಕೆಳಗೆ ಎರಡೂ ಕಡೆ ಹೊಡೆದುಹೋಗುತ್ತದೆ. ಕೂಡಿಸಿದ ಸಾವಿರ ಹಾಗಲ್ಲ. ಮೇಲಿನ ವ್ಯವಕಲನದಲ್ಲಿ ಅದು ಮಾಯವಾಗಿ, ಕೆಳಗಿನ ಮೊತ್ತದಲ್ಲಿ ಎರಡು ಸಾವಿರವಾಗಿ ಕುಳಿತಿರುತ್ತದೆ. ನನ್ನ ಪಿಕ್ಸೆಲಿನಲ್ಲಿ ಕೆಂಪು 1420, ಅವಕೆಂಪು 4500 ಇತ್ತು. ಸಾವಿರ ಕಳೆದಾಗ 420 ಮತ್ತು 3500, ಎನ್‌ಡಿವಿಐ 0.79.

ದಿನಾಂಕವೊಂದನ್ನೇ ನಂಬಿ ಕಳೆಯುವುದೂ ಅಪಾಯವೇ, ಏಕೆಂದರೆ ಹಳೆಯ ಚಿತ್ರಗಳನ್ನು ಮರುಸಂಸ್ಕರಿಸಿದ ಆವೃತ್ತಿಗಳಲ್ಲಿಯೂ ಆ ಸಾವಿರ ಸೇರಿಕೊಂಡಿದೆ. ಕಡತದ ಹೆಸರಿನಲ್ಲಿಯೇ ಎನ್ ಅಕ್ಷರದ ಮುಂದೆ ಸಂಸ್ಕರಣೆಯ ಕ್ರಮಸಂಖ್ಯೆ ಇರುತ್ತದೆ: ನನ್ನ ಹಳೆಯದರಲ್ಲಿ 0214, ಹೊಸದರಲ್ಲಿ 0509. 0400 ಮತ್ತು ಅದರ ಮೇಲಿನವುಗಳಿಗೆ ಕಳೆಯಬೇಕು.

ತಿದ್ದಿದ ನಕ್ಷೆಯೊಂದಿಗೆ ಮರುದಿನ ಮತ್ತೆ ಹೋದೆ. ಪಾರೆ ಈಗ ಮೊದಲಿನಂತೆಯೇ ಇತ್ತು. ತೋಟದ ಕೆಳ ಮೂಲೆಯಲ್ಲಿ ಮಾತ್ರ ಮೂರು ಪಿಕ್ಸೆಲುಗಳು 0.67ರ ಹತ್ತಿರ ಉಳಿದಿದ್ದವು. ರೋಗ ಅಲ್ಲಿರಬಹುದೆಂದು, ಸ್ವಲ್ಪ ತಗ್ಗಿದ ದನಿಯಲ್ಲಿಯೇ, ಹೇಳಿದೆ. ಹಳೆಯ ಮರಗಳನ್ನು ಕಡಿದು ಸಸಿ ನೆಟ್ಟ ಜಾಗವದು ಎಂದರು ಮಾವ. ಬಳಿಕ ತೋಟದ ನಡುವೆ ನಿಲ್ಲಿಸಿ, ಕೆಳಗಿನ ಸೋಗೆಗಳ ಮೇಲಿದ್ದ ಕಂದು ಚುಕ್ಕಿಗಳನ್ನು ದೋಟಿಯ ತುದಿಯಿಂದ ತೋರಿಸಿದರು. ಅವುಗಳ ಮೇಲೆ ಹೊಸ ಸೋಗೆಗಳು ಹಸಿರಾಗಿ ಕವಿದಿದ್ದವು, ಮತ್ತು ಉಪಗ್ರಹ ನೋಡಿದ್ದು ಅವುಗಳನ್ನು.