ಟೇಪಿನಲ್ಲಿ ಕೇಳಿದ ಮೇಷ್ಟ್ರ ಪ್ರಶ್ನೆ

ನಮ್ಮ ಕನ್ನಡ ಮೇಷ್ಟ್ರಿಗೆ ಬರೀ ಹೊಗಳಿಕೆ ಹಿಡಿಸುತ್ತಿರಲಿಲ್ಲ. ಕುಮಾರವ್ಯಾಸನ ಪದ್ಯ ಓದಿ ನಮ್ಮಲ್ಲಿ ಯಾರಾದರೂ "ತುಂಬಾ ಚೆನ್ನಾಗಿದೆ ಸಾರ್" ಎಂದರೆ ತಕ್ಷಣ ಕೇಳುತ್ತಿದ್ದರು, "ಅಂದ್ರೆ ಹೇಗೆ?" ಯಾವ ಪದ ಚೆನ್ನಾಗಿದೆ, ಅದು ಪದ್ಯದಲ್ಲಿ ಎಲ್ಲಿ ಕೂತಿದೆ, ಅದನ್ನು ತೆಗೆದು ಇನ್ನೊಂದು ಇಟ್ಟರೆ ಏನು ಹೋಗುತ್ತದೆ, ಇಷ್ಟನ್ನೂ ಹೇಳಬೇಕಿತ್ತು. ಅವರು ಬೈಯುತ್ತಿರಲಿಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ನಮ್ಮ ಉತ್ತರಕ್ಕೆ ಕಾಯುತ್ತಿದ್ದರು.

ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ನಾನು ಪದವಿಗೆ ಸೇರಿದ್ದು 1969ರಲ್ಲಿ. ಎಚ್. ನರಸಿಂಹಯ್ಯನವರು ಆಗ ನಮ್ಮ ಪ್ರಿನ್ಸಿಪಾಲರು. ಅಮೆರಿಕದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್.ಡಿ. ಮಾಡಿ ಬಂದವರು, ಖಾದಿ ಉಟ್ಟು, ಗಾಂಧಿ ಟೋಪಿ ಹಾಕಿಕೊಂಡು, ಹಾಸ್ಟೆಲಿನ ಒಂದು ಕೊಠಡಿಯಲ್ಲೇ ಇದ್ದರು. 1962ರಲ್ಲಿ ಶುರುವಾಗಿದ್ದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಿಗೆ ನಾವು ಕಲಾ ವಿಭಾಗದವರೂ ಹೋಗಿ ಹಿಂದೆ ಕೂರುತ್ತಿದ್ದೆವು. ವಿಷಯ ಪೂರ್ತಿ ಅರ್ಥವಾಗುತ್ತಿರಲಿಲ್ಲ, ನಿಜ. ಆದರೆ ಉಪನ್ಯಾಸ ಮುಗಿದ ಮೇಲಿನ ಪ್ರಶ್ನೆಗಳು ನನಗೆ ಬಹಳ ಇಷ್ಟ. ದೊಡ್ಡ ವಿಜ್ಞಾನಿಯನ್ನೂ ಒಬ್ಬ ಹುಡುಗ ಎದ್ದು ನಿಂತು ಕೇಳಬಹುದು, ಅವರು ಉತ್ತರ ಹೇಳುತ್ತಾರೆ ಅನ್ನುವುದನ್ನು ನಾನು ಕಂಡದ್ದು ಅಲ್ಲೇ.

ಆಮೇಲೆ ರಾಜಭವನ ರಸ್ತೆಯ ಆಕಾಶವಾಣಿಗೆ ಸೇರಿದೆ. ರೇಡಿಯೊಗೂ ಕಾಲೇಜು ಮೇಷ್ಟ್ರುಗಳಿಗೂ ನಮ್ಮ ನಾಡಿನಲ್ಲಿ ಹಳೆಯ ನಂಟು. 1935ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರು. ಇವತ್ತು ಇಡೀ ದೇಶ ಬಳಸುವ 'ಆಕಾಶವಾಣಿ' ಅನ್ನುವ ಹೆಸರು ಆ ಮನೆಯ ನಿಲಯದ್ದು. ಬೆಂಗಳೂರು ನಿಲಯ ಬಂದದ್ದು 1955ರ ನವೆಂಬರ್‌ನಲ್ಲಿ. ವೀಣೆ ದೊರೆಸ್ವಾಮಿ ಅಯ್ಯಂಗಾರ್ ಅವರಂಥ ವಿದ್ವಾಂಸರೇ ಅಲ್ಲಿ ಸಂಗೀತ ವಿಭಾಗ ನೋಡಿಕೊಂಡವರು. ಅಂಥವರು ಓಡಾಡಿದ ಕಟ್ಟಡದಲ್ಲಿ ಮೈಕಿನ ಮುಂದೆ ಕೂರುವುದು ನನ್ನಂಥ ಹುಡುಗನಿಗೆ ಸಣ್ಣ ಮಾತಾಗಿರಲಿಲ್ಲ.

ಉದ್ಘೋಷಕನಾಗಿ ಶುರು ಮಾಡಿದವನಿಗೆ ನಿಧಾನವಾಗಿ ಸಂದರ್ಶನದ ಕೆಲಸ ಬಂತು. ವಿದ್ವಾಂಸರು, ಸಿನಿಮಾ ನಟರು, ಹಿನ್ನೆಲೆ ಗಾಯಕರು, ಸುಗಮ ಸಂಗೀತದವರು, ಹೀಗೆ ನಿವೃತ್ತಿಯವರೆಗೂ ನಾನು ಕೇಳುತ್ತ ಹೋದೆ, ಅವರು ಹೇಳುತ್ತ ಹೋದರು. ಈಗ ಎಪ್ಪತ್ತು ದಾಟಿದ ಮೇಲೆ ಮತ್ತೆ ಅವೇ ದನಿಗಳ ಜೊತೆ ಕೂತಿದ್ದೇನೆ. ಹಳೆಯ ಸ್ಪೂಲ್ ಟೇಪುಗಳನ್ನು ಡಿಜಿಟಲ್ ಮಾಡುವ ಕಡೆ ನನ್ನ ಕೆಲಸ ಇಷ್ಟೇ: ಕೇಳುವುದು, ಯಾರ ದನಿ, ಏನು ವಿಷಯ, ಯಾವ ರಾಗ ಎಂದು ಬರೆದಿಡುವುದು. ಡಬ್ಬಿಯ ಮೇಲಿನ ಚೀಟಿಯಲ್ಲಿ ಒಂದು ಸಾಲು ಇರುತ್ತದೆ. ಒಳಗೆ ಅರ್ಧ ಗಂಟೆ ಇರುತ್ತದೆ. 1200 ಅಡಿಯ ಟೇಪು ಸೆಕೆಂಡಿಗೆ ಏಳೂವರೆ ಇಂಚಿನ ವೇಗದಲ್ಲಿ ಓಡಿದರೆ ಸುಮಾರು 32 ನಿಮಿಷ.

ಆಗಿನ ಎಡಿಟಿಂಗ್ ಬ್ಲೇಡಿನಲ್ಲಿ. ಬೇಡದ ಮಾತಿನ ಶುರು ಮತ್ತು ಕೊನೆಗೆ ಬಣ್ಣದ ಪೆನ್ಸಿಲಿನಲ್ಲಿ ಗುರುತು ಹಾಕಿ, ಓರೆಯಾಗಿ ಕತ್ತರಿಸಿ, ಎರಡು ತುದಿ ಸೇರಿಸಿ ಅಂಟಿಸುತ್ತಿದ್ದೆವು. ಕೆಲವು ಟೇಪುಗಳಲ್ಲಿ ಅಂಟು ಒಣಗಿ ಜೋಡಣೆ ಬಿಟ್ಟುಹೋಗಿರುತ್ತದೆ. ಇನ್ನು ಕೆಲವಲ್ಲಿ ಕಾಂತದ ಪುಡಿಯನ್ನು ಹಿಡಿದಿಡುವ ಲೇಪವೇ ತೇವ ಹೀರಿ ಮೆತ್ತಗಾಗಿ, ಯಂತ್ರದ ಹೆಡ್ಡಿಗೆ ಅಂಟಿಕೊಳ್ಳುತ್ತದೆ. ಅಂಥದ್ದನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿ, ಕೂಡಲೇ ಪ್ರತಿ ಮಾಡಿಕೊಳ್ಳಬೇಕು. ಇದನ್ನೆಲ್ಲ ನೋಡಿಕೊಳ್ಳುವ ಎಂಜಿನಿಯರ್ ಹುಡುಗಿಯ ತಾಳ್ಮೆ ಕಂಡರೆ ನನಗೆ ಬಹಳ ಗೌರವ.

ಇನ್ನೊಂದು ವಿಚಿತ್ರ ಇದೆ. ಸುತ್ತಿಟ್ಟ ಟೇಪು ವರ್ಷಗಟ್ಟಲೆ ಹಾಗೇ ಇದ್ದರೆ ಒಂದು ಸುತ್ತಿನ ಕಾಂತಶಕ್ತಿ ಪಕ್ಕದ ಸುತ್ತಿಗೆ ಸ್ವಲ್ಪ ಇಳಿಯುತ್ತದೆ. ಆದ್ದರಿಂದ ಮಾತು ಬರುವ ಒಂದೆರಡು ಸೆಕೆಂಡು ಮೊದಲೇ ಅದೇ ಮಾತು ಬಹಳ ಸಣ್ಣಗೆ ಕೇಳಿಸುತ್ತದೆ. ಇದಕ್ಕೇ ಟೇಪನ್ನು ಕೊನೆಯ ಭಾಗ ಹೊರಗೆ ಬರುವಂತೆ ಸುತ್ತಿಡಬೇಕು ಎನ್ನುತ್ತಾರೆ. ಹಾಗೆ ಇಟ್ಟರೆ ಆ ನೆರಳು ದನಿ ಮಾತಿನ ಹಿಂದೆ ಬಂದು ಅದರಲ್ಲೇ ಮುಚ್ಚಿಹೋಗುತ್ತದೆ.

ಹೀಗೆ ಕೇಳುತ್ತ ಕೂತಿದ್ದಾಗ ನನ್ನದೇ ಎಳೆಯ ದನಿ ಕೇಳಿಸಿತು: "ಅಂದ್ರೆ ಹೇಗೆ ಸಾರ್?" ಮೇಷ್ಟ್ರು ಕೇಳುತ್ತಿದ್ದ ಧಾಟಿಯೇ. ಟೇಪು ನಿಲ್ಲಿಸಿ ಹಿಂದೆ ತಿರುಗಿಸಿ ಮತ್ತೆ ಕೇಳಿದೆ. ಬೇರೆ ಟೇಪುಗಳಲ್ಲೂ ಅದೇ ಪ್ರಶ್ನೆ ಇತ್ತು. ಸಂದರ್ಶನ ಎಲ್ಲಿ ಜೀವ ಪಡೆಯಿತು ಎಂದು ಗುರುತು ಹಾಕುತ್ತ ಹೋದರೆ ಬಹುತೇಕ ಕಡೆ ಆ ಪ್ರಶ್ನೆಯ ಮುಂದೆಯೇ ಗುರುತು ಬೀಳುತ್ತಿತ್ತು.

ಹೆಸರಾಂತ ನಟರ ಸಂದರ್ಶನಗಳಲ್ಲಿ ಇದು ಕಡಿಮೆ. ಅವರ ಮೇಲೆ ನನಗೆ ಪ್ರೀತಿ ಇದೆ, ಕೇಳುಗರಿಗಂತೂ ಅವರೆಂದರೆ ಪ್ರಾಣ. ಆದರೆ ಹತ್ತು ಕಡೆ ಹೇಳಿ ನಯವಾದ ಮಾತನ್ನೇ ಅವರು ನಮಗೂ ಹೇಳುತ್ತಿದ್ದರು. ಅಂಥವರ ಹಿಂದೆ ಕೂತು ನುಡಿಸಿದವರ ಮಾತು ಹಾಗಲ್ಲ. ಅವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಕಂಪನಿ ನಾಟಕಗಳ ಹಾರ್ಮೋನಿಯಂ ಮೇಷ್ಟ್ರೊಬ್ಬರ ಟೇಪು ಅಂಥದ್ದು. ಇದರ ಹಿನ್ನೆಲೆ ಗೊತ್ತಿರಬೇಕು. ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ಪ್ರವೇಶ ಇರಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ, ಮೀಂಡ್ ಅದರಲ್ಲಿ ಬರುವುದಿಲ್ಲ, ಅದರ ಸ್ವರಗಳು ನಮ್ಮ ರಾಗಗಳಿಗೆ ಒಗ್ಗುವುದಿಲ್ಲ ಎನ್ನುವುದು ಕಾರಣ. ರವೀಂದ್ರನಾಥ ಟ್ಯಾಗೋರರಿಗೂ ಆ ವಾದ್ಯ ಹಿಡಿಸುತ್ತಿರಲಿಲ್ಲ. ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಆದರೆ ಅದೇ ಕಾಲದಲ್ಲಿ ನಮ್ಮ ನಾಟಕ ಕಂಪನಿಗಳು ಹಾರ್ಮೋನಿಯಂ ಇಲ್ಲದೆ ಒಂದು ರಾತ್ರಿಯೂ ನಡೆಯುತ್ತಿರಲಿಲ್ಲ. ಕಾಲಲ್ಲಿ ತಿದಿ ಒತ್ತಿ ಎರಡೂ ಕೈಯಲ್ಲಿ ನುಡಿಸುವ ದೊಡ್ಡ ಪೆಟ್ಟಿಗೆ. ಮೈಕ್ ಇಲ್ಲದ ಟೆಂಟಿನಲ್ಲಿ ಕೊನೆಯ ಸಾಲಿಗೂ ಶ್ರುತಿ ಮುಟ್ಟಿಸುವ ಶಕ್ತಿ ಅದಕ್ಕಿತ್ತು. ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡದ್ದೂ ಹಿಂದೆ ಕೂತವರಿಗೆ ಕೇಳಿಸಲಿ ಎಂದೇ ಅಲ್ವಾ? ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನದ ಪಿಟೀಲಿನ ಆಕಾರ ನೋಡುವವರಿಗೆ ಈ ಸಂಗತಿಯನ್ನೂ ಹೇಳಬೇಕು ಅನ್ನಿಸುತ್ತದೆ.

ಆ ಹಾರ್ಮೋನಿಯಂ ಮೇಷ್ಟ್ರು ಮೊದಮೊದಲು ಎಲ್ಲರಂತೆ "ದೇವರ ದಯೆ, ಗುರುಗಳ ಆಶೀರ್ವಾದ" ಎನ್ನುತ್ತಿದ್ದರು. ನಟರನ್ನು ನಾವು ಕಾಪಾಡ್ತಿದ್ದೆವು ಅಂತ ಒಂದು ಮಾತು ಹೇಳಿದರು. "ಅಂದ್ರೆ ಹೇಗೆ?" ಎಂದೆ. ಅಲ್ಲಿಂದ ಅವರ ದನಿಯೇ ಬದಲಾಗುತ್ತದೆ. ಶ್ರುತಿಯ ಎತ್ತರವನ್ನು ಹಾರ್ಮೋನಿಯಂನ ಮನೆಗಳಲ್ಲಿ ಎಣಿಸುತ್ತಾರೆ. ಹೆಣ್ಣುದನಿಗೆ ಐದು ಮನೆ, ಐದೂವರೆ ಮನೆ ಶ್ರುತಿ. ಗಂಡಸರಿಗೆ ಒಂದು, ಒಂದೂವರೆ. ಆದರೆ ರಾತ್ರಿಯಿಡೀ ಹಾಡಿದ ಗಂಟಲು ಬೆಳಗಿನ ಜಾವಕ್ಕೆ ಆ ಎತ್ತರದಲ್ಲಿ ನಿಲ್ಲುವುದಿಲ್ಲ. "ಆಗ ನಾನು ಅರ್ಧ ಮನೆ ಇಳಿಸಿಬಿಡ್ತಿದ್ದೆ ಕಣಪ್ಪ. ನಟನಿಗೆ ಹೇಳ್ತಿರಲಿಲ್ಲ. ಹೇಳಿದ್ರೆ ಬೇಜಾರು ಮಾಡ್ಕೋತಾನೆ." ನಟ ಮಾತು ಮರೆತರೆ ಅವನಿಗೆ ನೆನಪಾಗುವವರೆಗೆ ತಾಳದ ಒಂದು ಸುತ್ತು ಜಾಸ್ತಿ ನುಡಿಸುವುದು, ಜನ 'ಒನ್ಸ್ ಮೋರ್' ಎಂದಾಗ ಹಾಡುಗಾರ ಸುಸ್ತಾಗಿದ್ದರೆ ಪಲ್ಲವಿ ಮಾತ್ರ ಹಾಡಿಸಿ ಮುಗಿಸುವುದು, ಎಲ್ಲವನ್ನೂ ಬಾಯಲ್ಲೇ ಸ್ವರ ಹಾಕಿ ತೋರಿಸುತ್ತಾರೆ. ರೇಡಿಯೊದಲ್ಲಿ ಅಷ್ಟು ವರ್ಷ ನಿಮ್ಮ ವಾದ್ಯ ಬರಲಿಲ್ಲವಲ್ಲ ಎಂದು ಕೇಳಿದ್ದಕ್ಕೆ ಸಿಟ್ಟಿಲ್ಲದೆ ಹೇಳುತ್ತಾರೆ, "ರೇಡಿಯೊ ಬೇಡ ಅಂತು, ನಾಟಕ ಬೇಕು ಅಂತು. ನಂಗೆ ಅನ್ನ ಹಾಕಿದ್ದು ನಾಟಕ." ಈ ಟೇಪನ್ನು ನಾನು ಬರೆದಿಡುವ ಕೆಲಸ ಮುಗಿದ ಮೇಲೂ ಕೇಳಿದೆ.

ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಪಿಟೀಲು ವಾದಕರೊಬ್ಬರದೂ ಹೀಗೆಯೇ. ಆಗ ಕನ್ನಡ ಹಾಡುಗಳ ಧ್ವನಿಮುದ್ರಣ ಹೆಚ್ಚಾಗಿ ಮದ್ರಾಸಿನಲ್ಲಿ. ಇವರು ರಾತ್ರಿ ರೈಲು ಹತ್ತಿ, ಬೆಳಿಗ್ಗೆ ಇಳಿದು, ಸೀದಾ ಸ್ಟುಡಿಯೊಗೆ. ಗಾಯಕರು, ವಾದ್ಯದವರು ಎಲ್ಲರೂ ಒಟ್ಟಿಗೆ ಒಂದೇ ಟೇಕಿನಲ್ಲಿ ಹಾಡಿ ನುಡಿಸಬೇಕು. ಯಾರೋ ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿಂದ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿ ಕಲಿತವರು ಅಲ್ಲಿ ಕುರ್ಚಿಯ ಮೇಲೆ ಕೂತು, ಗಲ್ಲದ ಕೆಳಗೆ ಪಿಟೀಲು ಹಿಡಿದು, ಪಾಶ್ಚಾತ್ಯ ನೊಟೇಶನ್ ಓದಿ ನುಡಿಸಬೇಕಿತ್ತು. ಕೈಗೆ ಬಂದ ವಿದ್ಯೆಯನ್ನು ಮತ್ತೆ ಮೊದಲಿಂದ ಕಲಿತರು. ಎಲ್ಲರ ಕಮಾನೂ ಒಂದೇ ದಿಕ್ಕಿಗೆ ಹೋಗಬೇಕು ಎಂದು ಅವರು ಹೇಳುವಾಗ ಟೇಪಿನಲ್ಲಿ ತೋಳು ಬೀಸಿದ ಸದ್ದೂ ಕೇಳುತ್ತದೆ. ಆ ಹಾಡುಗಳನ್ನು ನಾವೆಲ್ಲ ಬಲ್ಲೆವು. ಹಾಡಿನ ನಡುವೆ ಬರುವ ಪಿಟೀಲು ಯಾರದು ಎಂದು ಬಲ್ಲವರು ಎಷ್ಟು ಜನ?

ಸಂದರ್ಶನಗಳನ್ನು ಉಳಿಸಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಇನ್ನೂ ಒಂದು ಕಾರಣ ಇದೆ. ದೊಡ್ಡವರ ಹಾಡು ಹೇಗೋ ಉಳಿಯುತ್ತದೆ. ಗ್ರಾಮಫೋನ್ ತಟ್ಟೆಗಳಿವೆ, ಕ್ಯಾಸೆಟ್ಟುಗಳಿವೆ. ಗಂಗೂಬಾಯಿ ಹಾನಗಲ್ ಅವರ ಎಳೆಯ ಕಾಲದ ತೆಳು ದನಿಯೂ, ಗಂಟಲಿನ ಚಿಕಿತ್ಸೆಯ ನಂತರ ಬಂದ ಗಡಸು ದನಿಯೂ ತಟ್ಟೆಗಳಲ್ಲಿ ಸಿಗುತ್ತವೆ. ಆದರೆ ಕಲಾವಿದರು ಮಾತಾಡುತ್ತಿದ್ದ ಕನ್ನಡ? ಅದು ಸಂದರ್ಶನದಲ್ಲಿ ಮಾತ್ರ ಇದೆ. ಧಾರವಾಡದ ಕಡೆಯ ಗಾಯಕರ "ಹೌದ್ರೀ", ಮೈಸೂರಿನ ಹಳೆಯ ಅಗ್ರಹಾರಗಳ ನಿಧಾನ, ನಮ್ಮ ಬೆಂಗಳೂರು ಪೇಟೆಯವರದಂತೂ ಮನೆಯಲ್ಲಿ ತೆಲುಗೋ ತಮಿಳೋ, ಪಾಠದಲ್ಲಿ ತ್ಯಾಗರಾಜರ ತೆಲುಗು, ಬೀದಿಯಲ್ಲಿ ಕನ್ನಡ, ಮೂರೂ ಸೇರಿ ಆದ ಒಂದು ಮಾತು. ಈ ಮಾತಿನ ಬೆಂಗಳೂರು ಈಗ ಕಿವಿಗೆ ಬೀಳುವುದು ಅಪರೂಪ.

ರೇಡಿಯೊದ ಲೋಕದಲ್ಲೆಲ್ಲ ಒಂದು ಕಾಲಕ್ಕೆ ಟೇಪು ದುಬಾರಿ, ಅಳಿಸಿ ಮತ್ತೆ ಬಳಸುವುದು ವಾಡಿಕೆ. ಪ್ರಸಾರವಾದ ಮೇಲೆ ಅದರ ಕೆಲಸ ಮುಗಿಯಿತು ಎಂಬ ಭಾವನೆ. ಹಾಗಾಗಿ ಉಳಿದದ್ದರಲ್ಲಿ ಹೆಸರಾಂತವರದೇ ಜಾಸ್ತಿ. ಪಕ್ಕವಾದ್ಯದವರು, ಮೇಳದವರು, ವಾದ್ಯ ರಿಪೇರಿ ಮಾಡುವವರು ಉಳಿದದ್ದು ಹೆಚ್ಚಾಗಿ ಆಕಸ್ಮಿಕ. ಅದಕ್ಕೇ ಚೀಟಿಯಲ್ಲಿ ಹೆಸರಿಲ್ಲದ ಟೇಪು ಸಿಕ್ಕರೆ ನಾನು ಅದನ್ನೇ ಮೊದಲು ಹಾಕಿಸುತ್ತೇನೆ.

ಅಂಥದ್ದೊಂದು ಈಗ ನನ್ನ ಮುಂದಿದೆ. ನಿಮ್ಮ ಸಹಾಯ ಬೇಕು. ಡಬ್ಬಿಯ ಮೇಲೆ "ಘಟ, ಸಂದರ್ಶನ" ಎಂದಷ್ಟೇ ಬರೆದಿದೆ. ಶುರುವಿನ ಭಾಗ ಇಲ್ಲವಾದ್ದರಿಂದ ಹೆಸರು ಹೇಳುವುದು ಕೇಳುವುದಿಲ್ಲ. ಸಂದರ್ಶಕ ನಾನಲ್ಲ. ಮಾತಾಡುವವರು ನಮ್ಮ ಕಾಲೇಜಿನಲ್ಲೇ ಇಂಟರ್‌ಮೀಡಿಯೆಟ್ ಓದಿದವರಂತೆ. ಕ್ಲಾಸು ಮುಗಿಸಿ ಬಸವನಗುಡಿಯ ಕಹಳೆ ಬಂಡೆಯ (ಬ್ಯೂಗಲ್ ರಾಕ್) ಮೇಲೆ ಕೂತು, ಮನೆಯಲ್ಲಿ ಬೈಯುತ್ತಾರೆಂದು ಅಲ್ಲೇ ಬರಿಗೈಯಲ್ಲಿ ತೊಡೆ ತಟ್ಟಿ ಅಭ್ಯಾಸ ಮಾಡುತ್ತಿದ್ದರಂತೆ. ಕೋಟೆ ಹೈಸ್ಕೂಲಿನ ರಾಮನವಮಿ ಕಛೇರಿಗಳಿಗೆ ರಸ್ತೆಯಲ್ಲಿ ನಿಂತು ಕೇಳಲು ಹೋಗುತ್ತಿದ್ದದ್ದನ್ನೂ ಹೇಳುತ್ತಾರೆ. ಮಾತಿನ ನಡುವೆ "ಏನಂತೀರಿ" ಎನ್ನುವುದು ರೂಢಿ. ನಗು ದೊಡ್ಡದು. 1950ರ ದಶಕದ ಆಸುಪಾಸಿನಲ್ಲಿ ನಮ್ಮ ಕಾಲೇಜಿನಲ್ಲಿ ಓದಿದ ಹಿರಿಯರು, ಅಥವಾ ಅವರ ಮನೆಯವರು, ಇವರು ಯಾರಿರಬಹುದು ಎಂದು ಊಹಿಸಬಲ್ಲಿರಾದರೆ ದಯವಿಟ್ಟು ಈ ಸಂಚಿಕೆಯ ಸಂಪಾದಕರಿಗೆ ತಿಳಿಸಿ. ಬರೀ ಊಹೆಯಾದರೂ ಪರವಾಗಿಲ್ಲ. ದನಿ ಕೇಳಿ ಗುರುತು ಹೇಳುತ್ತೇವೆ ಎನ್ನುವವರ ಮನೆಗೆ ನಾನೇ ಬಂದು ಕೇಳಿಸುತ್ತೇನೆ.