ದಾಸವಾಳದ ಕಾಯಿ ನಿಲ್ಲುವ ಕಾಲ

ಉಡುಪಿ ಕಡೆ ಮಳೆ ಬಿಟ್ಟು ಸೆಕೆ ತುಸು ಇಳಿಯುವ ನವೆಂಬರ್‌ನಿಂದ ಜನವರಿವರೆಗೆ ದಾಸವಾಳದ ತಳಿ ಬೆರೆಸಲು ಒಳ್ಳೆಯ ಸಮಯ. ಬೇಲಿಯ ಕೆಂಪು ದಾಸವಾಳ ತಾನಾಗಿ ಕಾಯಿ ಕಟ್ಟುವುದು ಅಪರೂಪ, ನಾವೇ ಪರಾಗ ಮುಟ್ಟಿಸಬೇಕು.

ಬೆಳಿಗ್ಗೆ ಹೂ ಪೂರ್ತಿ ಅರಳಿ ಪರಾಗ ಹಳದಿ ಹುಡಿಯಾಗಿ ಬೆರಳಿಗೆ ಅಂಟುವಾಗ, ಗಂಡಾಗುವ ಹೂವನ್ನೇ ಕೊಯ್ದು ತನ್ನಿ. ಹೆಣ್ಣಾಗುವ ಹೂವಿನ ಕೋಲಿನ ತುದಿಯಲ್ಲಿ ಮಖಮಲ್ಲಿನಂಥ 5 ಪುಟ್ಟ ಗುಂಡುಗಳಿವೆಯಲ್ಲ, ಐದಕ್ಕೂ ಧಾರಾಳ ಸವರಿ. ತೊಟ್ಟಿಗೆ ಚೀಟಿ ಕಟ್ಟಿ. ಎರಡೂ ಗಿಡದ ಹೆಸರು ಪೆನ್ಸಿಲಿನಲ್ಲೇ ಬರೆಯಿರಿ, ಶಾಯಿ ಇಬ್ಬನಿಗೆ ಅಳಿಯುತ್ತದೆ.

ಕೆಲವೇ ದಿನದಲ್ಲಿ ತೊಟ್ಟು ಹಳದಿಯಾಗಿ ಉದುರಿದರೆ ಕೂಡಿಲ್ಲ ಎಂದರ್ಥ. ಹೆಚ್ಚಿನವು ಹಾಗೇ ಹೋಗುತ್ತವೆ, ಬೇಸರ ಬೇಡ. ನಿಂತ ಕಾಯಿ ಮಾಗಲು ಸುಮಾರು 2 ತಿಂಗಳು. ಬಿರಿಯುವ ಮುಂಚೆ ಬಲೆಚೀಲ ಕಟ್ಟಿ.

ಒಂದೇ ದಿನ ಬಾಳುವ ಹೂವಿಗಾಗಿ ವರ್ಷಗಟ್ಟಲೆ ಕಾಯುವುದು ಎಂಥ ಪ್ರೀತಿ! ಒಂದೇ ಕಾಯಿಯ ಬೀಜಗಳೂ ಬೇರೆ ಬೇರೆ ಹೂ ಕೊಡುತ್ತವೆ.

ಬೀಜದ ಸಿಪ್ಪೆಯನ್ನು ಬ್ಲೇಡಿನಲ್ಲಿ ಚೂರೇ ಕೆರೆದು, ರಾತ್ರಿ ನೆನೆಸಿ, ಅರ್ಧ ಇಂಚು ಆಳಕ್ಕೆ ಬಿತ್ತಿ. ಜೂನ್ ಮಳೆಗೆ ಎಳೆ ಸಸಿಯ ಬುಡ ಕೊಳೆಯುತ್ತದೆ, ಚಟ್ಟಿಗಳನ್ನು ಮೊದಲೇ ಬೆಳಕಿರುವ ಜಗಲಿಗೆ ಎತ್ತಿಡಿ.